ಅಪರ್ಣಾ ವಸ್ತಾರೆ: ನಟನೆಗಿಂತ ನಿರೂಪಣೆಯಲ್ಲಿ ದೊಡ್ಡವರಾದ ನಟಿ

ಶಿವಮೊಗ್ಗದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಭದ್ರಾವತಿ, ತರೀಕೆರೆ, ಬೀರೂರು ದಾಟಿದ ಮೇಲೆ ಕಡೂರು ಸಿಗುತ್ತದೆ. ಅದೇ ತಾಲ್ಲೂಕಿನ ಪಂಚನಹಳ್ಳಿ ಅಪರ್ಣಾ ಅವರ ಹುಟ್ಟೂರು. ಬೆಂಗಳೂರಿನಲ್ಲಿ ಇಳಿದು ಮೆಜೆಸ್ಟಿಕ್‌ನಲ್ಲಿ ನಮ್ಮ ಮೆಟ್ರೊ ಹತ್ತಿದರೆ, ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ಹೇಳಿ ಪರಿಚಿತವಾದ ದನಿಯೂ ಅವರದೇ. ಚಿತ್ರನಟಿ, ಆಕಾಶವಾಣಿ ಉದ್ಘೋಷಕಿ, ದೂರದರ್ಶನದ ನಿರೂಪಕಿ, ಧಾರಾವಾಹಿ ಕಲಾವಿದೆಯಾಗಿ ಸುಮಾರು ನಾಲ್ಕು ದಶಕ ದುಡಿದ ಅವರು 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಪತಿ ನಾಗರಾಜ ವಸ್ತಾರೆ ವೃತ್ತಿಯಿಂದ ವಾಸ್ತುಶಿಲ್ಪಿ, ಜೊತೆಗೆ ಕನ್ನಡದ ಕವಿ, ಕಥೆಗಾರ.

ಪುಟ್ಟಣ್ಣನವರ ಕೊನೆಯ ಚಿತ್ರದಲ್ಲಿ ಮೊದಲ ಪಾತ್ರ

ಅಪರ್ಣಾ ಸಿನಿಮಾಕ್ಕೆ ಬಂದದ್ದು 'ಮಸಣದ ಹೂವು' ಚಿತ್ರದ ಮೂಲಕ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ, ವೇಶ್ಯಾವಾಟಿಕೆಯ ಹೆಣ್ಣುಮಕ್ಕಳ ಬದುಕನ್ನು ಕುರಿತ ಚಿತ್ರ ಅದು. ಜಯಂತಿ, ಅಂಬರೀಷ್ ಅವರಂಥ ಪಳಗಿದ ಕಲಾವಿದರ ನಡುವೆ ಇನ್ನೂ ಹದಿಹರೆಯದ ಹುಡುಗಿಗೆ ಮುಖ್ಯ ಪಾತ್ರ ಸಿಕ್ಕಿತ್ತು. ಚಿತ್ರ ಮುಗಿಯುವ ಮೊದಲೇ ನಿರ್ದೇಶಕ ಪುಟ್ಟಣ್ಣ ಕಣಗಾಲ್ 1985ರ ಜೂನ್ 5ರಂದು ತೀರಿಕೊಂಡರು. ಉಳಿದ ಕೆಲಸವನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ. ಹೀಗಾಗಿ ಕಲ್ಪನಾ, ಆರತಿಯರಿಂದ ಆರಂಭವಾಗುವ 'ಪುಟ್ಟಣ್ಣನ ನಾಯಕಿಯರು' ಎಂಬ ಪಟ್ಟಿಯ ಕೊನೆಯ ಹೆಸರುಗಳಲ್ಲಿ ಅಪರ್ಣಾ ಹೆಸರೂ ಸೇರುತ್ತದೆ.

ಆ ಪಟ್ಟಿಯಲ್ಲಿ ಹೆಸರು ಬಂತೆಂದರೆ ಆ ಕಾಲಕ್ಕೆ ದೊಡ್ಡ ಮರ್ಯಾದೆ. ಆದರೆ ಮುಂದಿನ ಚಿತ್ರಗಳು ಆ ಮರ್ಯಾದೆಗೆ ತಕ್ಕ ಪಾತ್ರಗಳನ್ನು ಕೊಡಲಿಲ್ಲ ಎಂಬುದು ನನ್ನ ಅನಿಸಿಕೆ. 'ಸಂಗ್ರಾಮ', 'ನಮ್ಮೂರ ರಾಜ', 'ಡಾಕ್ಟರ್ ಕೃಷ್ಣ', 'ಇನ್ಸ್‌ಪೆಕ್ಟರ್ ವಿಕ್ರಮ್' ಮುಂತಾದ ಚಿತ್ರಗಳಲ್ಲಿ ಅವರಿದ್ದಾರೆ. ಎಂಬತ್ತರ ದಶಕದ ಕೊನೆಯ ಕನ್ನಡ ಸಿನಿಮಾ ನಾಯಕನ ಸುತ್ತ ತಿರುಗುತ್ತಿತ್ತು. ಸ್ಪಷ್ಟವಾಗಿ, ನಿಧಾನವಾಗಿ, ಅರ್ಥ ತಿಳಿದು ಮಾತಾಡುವ ನಟಿಗೆ ಅಲ್ಲಿ ಹೆಚ್ಚು ಮಾತೇ ಇರುತ್ತಿರಲಿಲ್ಲ. ಆ ಮಾತಿಗೆ ಬೇರೆ ಕಡೆ ಜಾಗ ಸಿಕ್ಕಿತು.

ರೇಡಿಯೊ, ಮತ್ತು ಭದ್ರಾವತಿ ಕೇಳಿಸಿಕೊಂಡದ್ದು

1993ರಲ್ಲಿ ಅಪರ್ಣಾ ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ ವಾಹಿನಿಯ ಮೊದಲ ನಿರೂಪಕಿಯಾದರು. ವಿವಿಧ ಭಾರತಿಯಲ್ಲಿಯೂ ಕೆಲಸ ಮಾಡಿದರು. ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ನೇರವಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಕ್ಷೀಣಿಸುತ್ತದೆ. ಬೆಂಗಳೂರಿನ ಎಫ್‌ಎಂನಲ್ಲಿ ಅಪರ್ಣಾ ಆಡಿದ ಮಾತು ಬೆಂಗಳೂರು ಮತ್ತು ಸುತ್ತಲಿನ ಊರುಗಳಿಗಷ್ಟೇ ಮುಟ್ಟುತ್ತಿತ್ತು. ಅದರ ಸದ್ದು ಶಿವಮೊಗ್ಗಕ್ಕೆ ಬರುವಂತಿರಲಿಲ್ಲ.

ಶಿವಮೊಗ್ಗದವರ ಕಿವಿಯನ್ನು ತಿದ್ದಿದ್ದು ಬೇರೆಯೇ ನಿಲಯ. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯಿತು. ಜಿಲ್ಲಾ ಕೇಂದ್ರ ಶಿವಮೊಗ್ಗವಾದರೂ ರೇಡಿಯೊ ನಿಲಯ ಬಂದದ್ದು ಪಕ್ಕದ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಊರಿಗೆ. ಅದರ ಮಧ್ಯಮ ತರಂಗದ ಕಂಪನಾಂಕ 675 ಕಿಲೊಹರ್ಟ್ಸ್. ಮಧ್ಯಮ ತರಂಗ ನೆಲಕ್ಕಂಟಿಕೊಂಡು ದೂರ ಸಾಗುವುದರಿಂದ ಮಲೆನಾಡಿನ ತೋಟದ ಮನೆಗಳಿಗೂ ಅರೆಮಲೆನಾಡಿನ ಹೊಲಗಳಿಗೂ ಅದು ತಲುಪಿತು. ಈಗ ಎಫ್‌ಎಂ 103.5ರಲ್ಲಿಯೂ, ಆಕಾಶವಾಣಿಯ ಮೊಬೈಲ್ ಆ್ಯಪ್‌ನಲ್ಲಿಯೂ ಅದನ್ನು ಕೇಳಬಹುದು.

ಇಂಥ ನಿಲಯಗಳಲ್ಲಿ ಕಾಯಂ ನೌಕರರಷ್ಟೇ ಮುಖ್ಯವಾದವರು ಹಂಗಾಮಿ ಉದ್ಘೋಷಕರು. ಹಗಲು ಶಾಲೆಯಲ್ಲಿ ಪಾಠ ಹೇಳುವವರು, ಕಾಲೇಜಿನಲ್ಲಿ ಓದುವವರು, ಗೃಹಿಣಿಯರು ತಿಂಗಳಿಗೆ ಕೆಲವೇ ದಿನ ಪಾಳಿಗೆ ಬಂದು ಮೈಕಿನ ಮುಂದೆ ಕೂರುತ್ತಾರೆ. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ. ತೇರ್ಗಡೆಯಾದವರಿಗೆ 'ವಾಣಿ' ಎಂಬ ತರಬೇತಿ. ಧ್ವನಿ ಪರೀಕ್ಷೆಯಲ್ಲಿ ಕಂಠ ಇಂಪಾಗಿದೆಯೇ ಎಂಬುದು ಎರಡನೆಯ ಮಾತು. ಅಕಾರ ಹಕಾರ ಅದಲುಬದಲಾಗದೆ ಬರುತ್ತದೆಯೇ, ಶ, ಷ, ಸ ಬೇರೆಬೇರೆಯಾಗಿ ಕೇಳುತ್ತವೆಯೇ, ಅಲ್ಪಪ್ರಾಣ ಮಹಾಪ್ರಾಣ ಗಟ್ಟಿಯಾಗಿವೆಯೇ, ವಾಕ್ಯದ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎಂಬುದನ್ನೆಲ್ಲ ಮೊದಲು ನೋಡುತ್ತಾರೆ. ಅಪರ್ಣಾ ಅವರ ಮಾತು ಸಹಜವಾಗಿ ಹರಿದಂತೆ ಕೇಳಿಸುತ್ತಿದ್ದುದರ ಹಿಂದೆ ಇರುವುದು ರೇಡಿಯೊ ಮನೆಯ ಈ ಶಿಸ್ತೇ. ಮುಖ ಕಾಣದ ಮಾಧ್ಯಮದಲ್ಲಿ ನಗುವನ್ನೂ ದನಿಯಲ್ಲೇ ತೋರಿಸಬೇಕು.

ಚಂದನದ ವರ್ಷಗಳು

ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಅಪರ್ಣಾ ಬಂದದ್ದು ದೂರದರ್ಶನದ ಮೂಲಕ. ತೊಂಬತ್ತರ ದಶಕವಿಡೀ ಅವರು ಬೆಂಗಳೂರು ದೂರದರ್ಶನದ, ಆಮೇಲೆ ಚಂದನವೆಂದು ಹೆಸರಾದ ವಾಹಿನಿಯ ಮುಖ್ಯ ನಿರೂಪಕಿಯರಲ್ಲಿ ಒಬ್ಬರು. ಕೇಬಲ್ ಇನ್ನೂ ಎಲ್ಲ ಊರಿಗೂ ಬಾರದ ದಿನಗಳವು. ಮಳೆಗಾಲದಲ್ಲಿ ಹಂಚಿನ ಮೇಲಿನ ಆಂಟೆನಾ ಗಾಳಿಗೆ ತಿರುಗಿದರೆ ಒಬ್ಬರು ಮಾಡಿಗೆ ಹತ್ತಿ, ಇನ್ನೊಬ್ಬರು ಒಳಗಿನಿಂದ 'ಬಂತು, ಬಂತು, ಹೋಯ್ತು' ಎಂದು ಕೂಗುತ್ತಿದ್ದ ಕಾಲ. ಚಿತ್ರ ಮಂಕಾದರೂ ಮಾತು ಸ್ಪಷ್ಟವಾಗಿ ಬರುತ್ತಿತ್ತು. ನಿರೂಪಕಿಗೆ ಅದು ಲಾಭವೇ.

1998ರ ದೀಪಾವಳಿಯ ವಿಶೇಷ ಕಾರ್ಯಕ್ರಮವನ್ನು ಅವರು ಸತತ 8 ಗಂಟೆ ನಿರೂಪಿಸಿದರು. ಅವರ ವೃತ್ತಿಜೀವನದ ಬಗ್ಗೆ ಬರೆದವರೆಲ್ಲ ಹೇಳುವ ದಾಖಲೆ ಇದು. ಸಂಖ್ಯೆಗಿಂತ ನನಗೆ ಮುಖ್ಯವೆನಿಸುವುದು ಅದರೊಳಗಿನ ಕಷ್ಟ. ನಿರೂಪಣೆ ಎಂದರೆ ಬರೆದುಕೊಟ್ಟದ್ದನ್ನು ಓದುವುದಷ್ಟೇ ಅಲ್ಲ. ಹಾಡುಗಾರರು ತಡವಾಗುತ್ತಾರೆ, ಅತಿಥಿ ಹೇಳಬೇಕಾದ್ದನ್ನು ಮರೆಯುತ್ತಾರೆ, ಮುಂದಿನ ತುಣುಕು ಸಿದ್ಧವಿಲ್ಲವೆಂದು ನಿರ್ಮಾಪಕರು ಸನ್ನೆ ಮಾಡುತ್ತಾರೆ. ಆ ಸಂದಿಯನ್ನು ತುಂಬುವ ಮಾತು ಪೊಳ್ಳಾಗಬಾರದು, ಹೊಗಳಿಕೆಯ ಸುರಿಮಳೆಯೂ ಆಗಬಾರದು. ಎಂಟನೆಯ ಗಂಟೆಯಲ್ಲಿಯೂ ಗಂಟಲು ಮೊದಲ ಗಂಟೆಯಂತೆಯೇ ಇರಬೇಕು.

ಸರ್ಕಾರಿ ಸಮಾರಂಭ, ಸಾಹಿತ್ಯದ ವೇದಿಕೆ, ಸಂಗೀತ ಕಛೇರಿಗಳಿಗೂ ಅವರಿಗೆ ಕರೆ ಬರುತ್ತಿತ್ತು. ಕನ್ನಡ ಕಾರ್ಯಕ್ರಮವೆಂದರೆ ಅಪರ್ಣಾ ಬರಲಿ ಎನ್ನುವಷ್ಟು ಆ ಹೆಸರು ನೆಲೆಯಾಯಿತು. ಖಾಸಗಿ ವಾಹಿನಿಗಳು ಬಂದ ಮೇಲೆ ನಿರೂಪಣೆಯ ಶೈಲಿ ಬದಲಾಯಿತು. ವೇಗ ಹೆಚ್ಚಿತು, ವಾಕ್ಯದ ಅರ್ಧ ಇಂಗ್ಲಿಷ್ ಆಯಿತು, ಕಿರುಚಾಟವೇ ಉತ್ಸಾಹವೆನಿಸಿತು. ಅಪರ್ಣಾ ಆ ದಾರಿ ಹಿಡಿಯಲಿಲ್ಲ. ಅವರದು ಹಳೆಯ ಕಾಲದ ಕನ್ನಡ ಎಂದು ಮೂಗು ಮುರಿದವರೂ ಇದ್ದಿರಬಹುದು. ಆದರೆ ಅದು ಗ್ರಾಂಥಿಕವಾಗಿರಲಿಲ್ಲ, ಅಡುಗೆ ಮನೆಯಲ್ಲಿ ಕೂತವರಿಗೂ ತಿಳಿಯುತ್ತಿತ್ತು.

ಧಾರಾವಾಹಿ, ಬಿಗ್ ಬಾಸ್, ವರಲಕ್ಷ್ಮಿ

ನಟನೆಯನ್ನು ಅವರು ಪೂರ್ತಿ ಬಿಡಲಿಲ್ಲ. 'ಮೂಡಲ ಮನೆ', ಟಿ.ಎನ್. ಸೀತಾರಾಂ ಅವರ 'ಮುಕ್ತ' ಧಾರಾವಾಹಿಗಳಲ್ಲಿ ಪಾತ್ರ ಮಾಡಿದರು. 'ಮೂಡಲ ಮನೆ'ಯ ನಿರ್ದೇಶಕಿ ವೈಶಾಲಿ ಕಾಸರವಳ್ಳಿ. ತೀರ್ಥಹಳ್ಳಿ ಕಡೆಯ ಚಿತ್ರನಿರ್ದೇಶಕ ಗಿರೀಶ ಕಾಸರವಳ್ಳಿಯವರ ಪತ್ನಿಯಾಗಿ ಆಕೆ ಶಿವಮೊಗ್ಗ ಜಿಲ್ಲೆಯ ಸೊಸೆ. ಅವರೂ ರಂಗಭೂಮಿ, ಸಿನಿಮಾ, ಕಿರುತೆರೆ ಮೂರರಲ್ಲೂ ದುಡಿದವರು. 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಅವರು 2010ರಲ್ಲಿ ತೀರಿಕೊಂಡರು.

2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಆವೃತ್ತಿಗೆ ಅಪರ್ಣಾ ಸ್ಪರ್ಧಿಯಾಗಿ ಹೋದಾಗ ಚಂದನದ ವೀಕ್ಷಕರಿಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಅದಕ್ಕಿಂತ ದೊಡ್ಡ ಆಶ್ಚರ್ಯ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್'ನಲ್ಲಿ ಕಾದಿತ್ತು. ತನ್ನನ್ನು ತಾನೇ ಹೊಗಳಿಕೊಳ್ಳುವ ಬಡಾಯಿಯ ವರಲಕ್ಷ್ಮಿಯಾಗಿ ಅವರು ನಗಿಸಿದರು. ನೆಟ್ಟಗೆ ನಿಂತು ಗಂಭೀರವಾಗಿ ಮಾತಾಡುವ ನಿರೂಪಕಿಯನ್ನಷ್ಟೇ ಕಂಡಿದ್ದ ಜನ 'ಒನ್ ಅಂಡ್ ಓನ್ಲಿ ವರಲಕ್ಷ್ಮಿ'ಯನ್ನು ಒಪ್ಪಿಕೊಂಡರು. ಚಂದನವನ್ನೇ ನೋಡದ ಹೊಸ ತಲೆಮಾರಿನ ಮಕ್ಕಳಿಗೆ ಅಪರ್ಣಾ ಎಂದರೆ ವರಲಕ್ಷ್ಮಿಯೇ. ತೂಕ ತಪ್ಪದ ಉಚ್ಚಾರ ಇದ್ದದ್ದರಿಂದಲೇ ಆ ಬಡಾಯಿಗೆ ಅಷ್ಟು ನಗು ಬರುತ್ತಿತ್ತು. ಸಿನಿಮಾ ಅವರಿಂದ ಹಾಸ್ಯ ಮಾಡಿಸಲೇ ಇಲ್ಲವಲ್ಲ ಎಂದು ಆಗ ಅನಿಸಿತು. 2024ರ 'ಗ್ರೇ ಗೇಮ್ಸ್' ಅವರು ನಟಿಸಿದ ಕೊನೆಯ ಚಿತ್ರಗಳಲ್ಲಿ ಒಂದು.

ಮೆಟ್ರೊದ ಕನ್ನಡ

ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಓಡತೊಡಗಿತು. ಅದರ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟವರು ಅಪರ್ಣಾ. ಕೇಳಲು ಸುಲಭವೆನಿಸುವ ಈ ಕೆಲಸದಲ್ಲಿ ಭಾವವನ್ನು ಅಳತೆಯಲ್ಲಿಡಬೇಕು. ದಿನಕ್ಕೆರಡು ಸಲ ಅದೇ ದಾರಿಯಲ್ಲಿ ಓಡಾಡುವವರಿಗೆ ಅತಿ ಮಧುರವಾದ ದನಿ ಒಂದೇ ವಾರಕ್ಕೆ ಬೇಸರ ತರಿಸುತ್ತದೆ. ತೀರಾ ಒಣ ದನಿಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಗದ್ದಲದ ಬೋಗಿಯಲ್ಲಿ ನಿಲ್ದಾಣದ ಹೆಸರು ಒಂದೇ ಸಲಕ್ಕೆ ತಿಳಿಯಬೇಕು, ಬಾಗಿಲು ತೆರೆಯುವುದು ಎಡಕ್ಕೋ ಬಲಕ್ಕೋ ಎಂಬಲ್ಲಿ ಗೊಂದಲ ಆಗಬಾರದು. ಕನ್ನಡ ಬಾರದ ಲಕ್ಷಾಂತರ ಮಂದಿ ಓಡಾಡುವ ಊರಿನಲ್ಲಿ, ಅವರು ದಿನವೂ ಕೇಳಿಸಿಕೊಳ್ಳುವ ಕನ್ನಡ ಎಂದರೆ ಅನೇಕರಿಗೆ ಇದೊಂದೇ. ಅಪರ್ಣಾ ತೀರಿಕೊಂಡ ಮರುದಿನ ಮೆಟ್ರೊ ಹತ್ತಿದವರು ಆ ದನಿ ಕೇಳಿ ಬೆಚ್ಚಿದ್ದನ್ನು ಎಷ್ಟೋ ಜನ ಬರೆದುಕೊಂಡರು.

ಭದ್ರಾವತಿಯ ಬೇರೆ ಹೆಸರುಗಳು

ಭದ್ರಾವತಿ ತೆರೆಗೆ ಕೊಟ್ಟ ಹೆಸರುಗಳು ಕಡಿಮೆಯೇನಲ್ಲ. ದೊಡ್ಡಣ್ಣ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ನಾಟಕವಾಡಿ ಸಿನಿಮಾಕ್ಕೆ ಹೋದವರು. ನಿರ್ದೇಶಕ ಎಸ್. ನಾರಾಯಣ್ ಈ ಊರಿನವರು. ಭದ್ರಾವತಿಯಲ್ಲಿ ಹುಟ್ಟಿದ ಆಶಾ ಭಟ್ 2014ರಲ್ಲಿ ಪೋಲೆಂಡಿನಲ್ಲಿ ನಡೆದ ಮಿಸ್ ಸುಪ್ರಾನ್ಯಾಷನಲ್ ಸ್ಪರ್ಧೆಯನ್ನು ಗೆದ್ದ ಮೊದಲ ಭಾರತೀಯಳಾಗಿ, ಆಮೇಲೆ ಹಿಂದಿಯ 'ಜಂಗ್ಲೀ', ಕನ್ನಡದ 'ರಾಬರ್ಟ್' ಚಿತ್ರಗಳಲ್ಲಿ ನಟಿಸಿದರು. ಇವರೆಲ್ಲ ತೆರೆಯ ಮೇಲಿನ ಹೆಸರುಗಳು. ಅದೇ ಊರಿನ ರೇಡಿಯೊ ನಿಲಯದಿಂದ ದಶಕಗಟ್ಟಲೆ ಮಾತಾಡಿದ ಉದ್ಘೋಷಕರ ಹೆಸರು ಕೇಳುಗರ ನಾಲಿಗೆಯ ಮೇಲಿದ್ದರೂ ಅಚ್ಚಿಗೆ ಬಂದದ್ದು ಅಪರೂಪ. ಅಪರ್ಣಾ ಆ ಇಡೀ ಕಸುಬಿಗೆ ಒಂದು ಮುಖ ಕೊಟ್ಟರು.

ಅವರ ಕೆಲಸವನ್ನು ಎಲ್ಲಿ ನೋಡಬಹುದು

ಪರಿಚಯ ಲೇಖನಗಳು ಅವರನ್ನು 'ನಟಿ ಮತ್ತು ನಿರೂಪಕಿ' ಎಂದು ಕರೆಯುತ್ತವೆ. ಕೆಲಸದ ತೂಕ ನೋಡಿದರೆ ಈ ಕ್ರಮ ತಿರುಗಬೇಕು. 'ಮಸಣದ ಹೂವು' ಬಿಟ್ಟರೆ ಅವರ ಚಿತ್ರಗಳನ್ನು ಹುಡುಕಿ ನೋಡುವ ಅಗತ್ಯ ಹೆಚ್ಚಿಲ್ಲ. ದೂರದರ್ಶನ ಚಂದನ ತನ್ನ ಹಳೆಯ ಕಾರ್ಯಕ್ರಮಗಳನ್ನು ಯೂಟ್ಯೂಬ್‌ನಲ್ಲಿ ಹಾಕುತ್ತದೆ. ನಿರೂಪಣೆ ಕಲಿಯಬೇಕೆನ್ನುವ ಶಿವಮೊಗ್ಗ, ಭದ್ರಾವತಿಯ ವಿದ್ಯಾರ್ಥಿಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವವರು, ಅಪರ್ಣಾ ನಿರೂಪಿಸಿದ್ದು ಕಣ್ಣಿಗೆ ಬಿದ್ದರೆ ಮೊದಲು ಚಿತ್ರ ನೋಡದೆ ಬರೀ ಮಾತನ್ನು ಕೇಳಿ. ಭದ್ರಾವತಿ ನಿಲಯ ಹಂಗಾಮಿ ಉದ್ಘೋಷಕರಿಗೆ ಅರ್ಜಿ ಕರೆದಾಗ ಧ್ವನಿ ಪರೀಕ್ಷೆಗೆ ಹೋಗಿ ಕೂರಿ.