ಗೋಡೆಯೊಳಗಿನ ತಂತಿ

ಚೆಂಬೂರಿನಲ್ಲಿ ನಮ್ಮವರು ನಾಲ್ಕು ಮಂದಿ ಸೇರಿದರೆ ಈಚೆಗೆ ಮಾತು ಮನೆಯ ಕಡೆಗೇ ಹೊರಳುತ್ತದೆ. ಕೆಲವರ ಹಳೆಯ ಸೊಸೈಟಿ ಕಟ್ಟಡ ಕೆಡವಿ ಅಲ್ಲಿ ಬಹುಮಹಡಿ ಏಳುತ್ತಿದೆ. ಇನ್ನು ಕೆಲವರು ಅಣ್ಣತಮ್ಮಂದಿರು ಕೂಡಿ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ನಮ್ಮದು ಎರಡನೆಯ ಪಂಗಡ. ಕಾರ್ಕಳದ ಕಡೆ ಮುರಕಲ್ಲಿನ ಗೋಡೆ ಎದ್ದು ತಾರಸಿ ಮುಗಿದಿದೆ. ಗಾರೆ ಮಾತ್ರ ಬಾಕಿ. ಆ ಮನೆಯಲ್ಲಿ ವರ್ಷವಿಡೀ ಇರುವವರು ಎಂಬತ್ತು ದಾಟಿದ ಅಮ್ಮ. ಇಲ್ಲಿ ಕುಳಿತು ಮೊಬೈಲಿನಲ್ಲಿಯೇ ಅಲ್ಲಿಯ ದೀಪ, ಪಂಪು, ಗೇಟುಗಳನ್ನು ನಡೆಸಬೇಕೆಂಬ ಆಸೆ ಮಕ್ಕಳದು. ‘ಸ್ಮಾರ್ಟ್ ಹೋಮ್’ ಎಂದು ಅದಕ್ಕೆ ಹೆಸರು. ವಿಜ್ಞಾನದ ಪದವಿ ಪಡೆದು ಕಡತ ಹೊರಳಿಸುವ ಕೆಲಸಕ್ಕೆ ಸೇರಿದ ನನ್ನ ಪಾಲಿಗೆ ಇದರ ಯೋಜನೆ ಬಂತು. ಅಂಗಡಿಗೆ ಹೋಗುವ ಮೊದಲು ಇದರ ಚರಿತ್ರೆಯನ್ನು ಸ್ವಲ್ಪ ನೋಡಿದೆ. ನೋಡಿದ್ದು ಒಳ್ಳೆಯದಾಯಿತು.

ಮುಂಬಯಿಯ ವಿದ್ಯುದ್ದೀಪದ ಕಥೆ ಆರಂಭವಾಗುವುದೇ ಒಂದು ದಿವಾಳಿಯಿಂದ. 1882ರಲ್ಲಿ ಈಸ್ಟರ್ನ್ ಎಲೆಕ್ಟ್ರಿಕ್ ಲೈಟ್ ಅಂಡ್ ಪವರ್ ಕಂಪೆನಿಯು ನಗರಸಭೆಯೊಡನೆ ಕರಾರು ಮಾಡಿಕೊಂಡು ಕ್ರಾಫರ್ಡ್ ಮಾರುಕಟ್ಟೆಗೂ ಕೆಲವು ರಸ್ತೆಗಳಿಗೂ ದೀಪ ಹಾಕಿಸಿತು. ಮರುವರ್ಷವೇ ಕಂಪೆನಿ ಮುಳುಗಿತು. ಮಾರುಕಟ್ಟೆ ಮತ್ತೆ ಗ್ಯಾಸ್ ದೀಪಕ್ಕೆ ಮರಳಿತು. ಪುಣ್ಯಕ್ಕೆ ಗ್ಯಾಸಿನ ಕೊಳವೆಗಳನ್ನು ಯಾರೂ ಕಿತ್ತೆಸೆದಿರಲಿಲ್ಲವೆಂದು ಊಹಿಸಬೇಕು. ವಿದ್ಯುತ್ತು ಈ ನಗರದಲ್ಲಿ ಗಟ್ಟಿಯಾಗಿ ಕಾಲೂರಿದ್ದು 1905ರಲ್ಲಿ, ಟ್ರಾಮ್ ಕಂಪೆನಿ ವಾಡಿ ಬಂದರಿನಲ್ಲಿ ಉತ್ಪಾದನೆಗೆ ತೊಡಗಿದ ಮೇಲೆ.

ನಮ್ಮ ನಾಡು ಇದಕ್ಕಿಂತ ಮುಂದಿತ್ತು ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ಸಂಕೋಚವೇಕೆ? ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ 30ರಂದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಅದನ್ನು ಕಾಣಲು ದಿವಾನರು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಮೊದಲು ಗಣಿ, ಆಮೇಲೆ ಬೀದಿ, ಕೊನೆಗೆ ಮನೆ. ಮುಂಬಯಿಯಲ್ಲಿಯೂ 1915ರಲ್ಲಿ ಖೋಪೋಲಿಯಿಂದ ಬಂದ ಟಾಟಾ ಜಲವಿದ್ಯುತ್ತು ಮೊದಲು ಓಡಿಸಿದ್ದು ಬಟ್ಟೆ ಗಿರಣಿಗಳನ್ನು. ಚೆಂಬೂರಿನ ಮಗ್ಗುಲಿನ ಟ್ರಾಂಬೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂದದ್ದು 1956ರಲ್ಲಿ, ಅದೇ ಟ್ರಾಂಬೆಯಲ್ಲಿ ‘ಅಪ್ಸರಾ’ ಪರಮಾಣು ರಿಯಾಕ್ಟರು ಚಾಲೂ ಆದ ವರ್ಷ. ಮನೆಗಳಿಗೆ ವಿದ್ಯುತ್ತು ದೊಡ್ಡವರ ಪಂಕ್ತಿಯ ಕೊನೆಯ ಎಲೆಯಲ್ಲಿ ಬಡಿಸಿದ ಅನ್ನ.

ಆದ್ದರಿಂದಲೇ ಹಳೆಯ ಮನೆಗಳ ವೈರಿಂಗಿನಲ್ಲಿ ಒಂದು ಜಿಪುಣತನವಿದೆ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ತಂತಿ, ಕೋಣೆಗೊಂದು ಬಲ್ಬು. ತಂತಿ ಉಳಿಸುವುದಕ್ಕಾಗಿ ಸ್ವಿಚ್ಚಿಗೆ ಫೇಸ್ ತಂತಿಯೊಂದನ್ನೇ ಇಳಿಸಿ, ನ್ಯೂಟ್ರಲ್ ತಂತಿಯನ್ನು ನೇರವಾಗಿ ದೀಪಕ್ಕೆ ಒಯ್ಯುತ್ತಿದ್ದರು. ಸ್ವಿಚ್ಚು ಎಂದರೆ ಬರೀ ಬಾಗಿಲು. ತೆರೆ, ಮುಚ್ಚು, ಮುಗಿಯಿತು. ಈಗಿನ ಸ್ಮಾರ್ಟ್ ಸ್ವಿಚ್ಚು ಹಾಗಲ್ಲ. ಅದರ ಹೊಟ್ಟೆಯಲ್ಲಿ ಚಿಕ್ಕದೊಂದು ರೇಡಿಯೋ ಇದ್ದು, ದೀಪ ಆರಿದ್ದಾಗಲೂ ಎಚ್ಚರವಾಗಿರಬೇಕು. ಅದಕ್ಕೂ ಒಂದಿಷ್ಟು ಕರೆಂಟು ಬೇಕು. ಹೀಗಾಗಿ ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳು ಎರಡೂ ತಂತಿ ಕೇಳುತ್ತವೆ. ನಮ್ಮ ದೇಶದಲ್ಲಿ ಬೋರ್ಡಿನಲ್ಲಿಯೇ ಒಂದು ಪ್ಲಗ್ ಪಾಯಿಂಟ್ ಇಡುವ ವಾಡಿಕೆಯಿರುವುದರಿಂದ ಅಲ್ಲಿ ನ್ಯೂಟ್ರಲ್ ಸಿಕ್ಕೀತು. ಮೆಟ್ಟಿಲ ಬಳಿಯ ಒಂಟಿ ಸ್ವಿಚ್ಚಿನಲ್ಲಿ, ಹಾಸಿಗೆಯ ಪಕ್ಕದ ಸ್ವಿಚ್ಚಿನಲ್ಲಿ ಸಿಗುವುದು ಕಷ್ಟ. ಗಾರೆ ಬಳಿದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಗೋಡೆ ಅಗೆಯಬೇಕು. ಮುರಕಲ್ಲನ್ನು ಅಗೆದವರಿಗೇ ಆ ಧೂಳಿನ ರುಚಿ ಗೊತ್ತು.

ಹೊರದೇಶದ ಕಥೆಯೂ ಸ್ವಾರಸ್ಯವಾಗಿದೆ. 1966ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವೆಸ್ಟಿಂಗ್‌ಹೌಸಿನ ಇಂಜಿನಿಯರ್ ಜಿಮ್ ಸದರ್‌ಲ್ಯಾಂಡ್ ಉಳಿಕೆ ಬಿಡಿಭಾಗಗಳನ್ನು ಕೂಡಿಸಿ ‘ಎಕೊ ಫೋರ್’ ಎಂಬ ಗಣಕವನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ. ಅದು ಮನೆಯ ಗಡಿಯಾರಗಳನ್ನು, ಟಿ.ವಿ.ಯನ್ನು ನಡೆಸುತ್ತಿತ್ತು, ತೂಕ ಮಾತ್ರ ಸುಮಾರು 360 ಕಿಲೋ! 1975ರಲ್ಲಿ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ‘ಎಕ್ಸ್-10’ ಪದ್ಧತಿಯನ್ನು ರೂಪಿಸಿತು. ಮನೆಯಲ್ಲಿರುವ ವಿದ್ಯುತ್ ತಂತಿಯಲ್ಲಿಯೇ ಸಂಕೇತ ಕಳಿಸುವ ಉಪಾಯ ಅದು. ಹೊಸ ತಂತಿ ಬೇಡ, ಗೋಡೆ ಒಡೆಯುವುದು ಬೇಡ. ಜನ ಮೆಚ್ಚಿದ್ದು ಇದಕ್ಕೇ. ಆಮೇಲೆ ಇಂಟರ್ನೆಟ್ಟು ಬಂತು, ಜೊತೆಗೆ ಹೊಸ ಬಗೆಯ ದಿವಾಳಿಯೂ ಬಂತು. ‘ರಿವಾಲ್ವ್’ ಎಂಬ ಮನೆ ನಡೆಸುವ ಪೆಟ್ಟಿಗೆಯ ಕಂಪೆನಿಯನ್ನು 2014ರಲ್ಲಿ ನೆಸ್ಟ್ ಕೊಂಡಿತು. 2016ರ ಮೇ 15ರಂದು ಅದರ ಸರ್ವರ್ ನಿಲ್ಲಿಸಿತು. ಹಣ ಕೊಟ್ಟವರ ಮನೆಯಲ್ಲಿ ಪೆಟ್ಟಿಗೆ ಉಳಿಯಿತು, ಜೀವ ಹೋಯಿತು. 2022ರ ಏಪ್ರಿಲಿನಲ್ಲಿ ಇನ್ಸ್ಟಿಯಾನ್ ಕಂಪೆನಿಯ ಸರ್ವರುಗಳೂ ಹೇಳದೆ ಕೇಳದೆ ನಿಂತವು. ಕ್ರಾಫರ್ಡ್ ಮಾರುಕಟ್ಟೆಯವರಿಗೆ ಮರಳಲು ಗ್ಯಾಸ್ ದೀಪವಿತ್ತು. ಗೋಡೆಯ ಸ್ವಿಚ್ಚನ್ನೇ ಕಿತ್ತುಹಾಕಿ ಎಲ್ಲವನ್ನೂ ಮೊಬೈಲಿಗೆ ಒಪ್ಪಿಸಿದವನು ಎಲ್ಲಿಗೆ ಮರಳುತ್ತಾನೆ?

ನಮ್ಮ ರೈತರು ಈ ವಿಷಯದಲ್ಲಿ ಪೇಟೆಯವರಿಗಿಂತ ಜಾಣರು. ತ್ರೀಫೇಸ್ ಕರೆಂಟು ರಾತ್ರಿ ಯಾವಾಗಲೋ ಬರುತ್ತದೆ. ಅದು ಬಂದ ಕೂಡಲೇ ತಾನಾಗಿ ಪಂಪು ಹೊರಡಲೆಂದು ಆಟೋ ಸ್ಟಾರ್ಟರ್ ಹಾಕಿಕೊಂಡರು. ಪುಣೆಯ ಸಂತೋಷ್ ಓಸ್ತವಾಲರು ‘ನ್ಯಾನೋ ಗಣೇಶ್’ ಎಂಬ ಸಾಧನದಿಂದ ದೂರದ ತೋಟದ ಪಂಪನ್ನು ಮೊಬೈಲ್ ಕರೆಯಿಂದಲೇ ನಡೆಸುವಂತೆ ಮಾಡಿದರು. ಆದರೆ ಯಾವ ರೈತನೂ ಸ್ಟಾರ್ಟರಿನ ಹಸಿರು ಗುಂಡಿಯನ್ನು ಕಿತ್ತುಹಾಕಿಲ್ಲ. ಮೊಬೈಲು ಮೇಲೋಗರ, ಗುಂಡಿ ಊಟ.

ಪೇಟೆಯವರಿಗೂ ಈ ಪಾಠ ಒಮ್ಮೆ ಆಗಿದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳ್ವಾ-ಪಡಘಾ ವಿದ್ಯುತ್ ಮಾರ್ಗಗಳು ಕೈಕೊಟ್ಟು ಮುಂಬಯಿಯ ಬಹುಭಾಗ ನಿಂತಿತು. ಲೋಕಲ್ ರೈಲುಗಳೂ ನಿಂತವು. ಕರೆಂಟಿಗೆ ಹೆಸರಾದ ಊರಿನಲ್ಲಿಯೇ ಹೀಗಾದರೆ, ಮಳೆಗಾಲದಲ್ಲಿ ಗುಡುಗಿಗೆ ಮುಂಚೆಯೇ ಕರೆಂಟು ಹೋಗುವ ಪಶ್ಚಿಮಘಟ್ಟದ ಬುಡದ ಮಾತೇನು! ಅಲ್ಲಿ ಅಮ್ಮ ಒಬ್ಬರೇ ಇರುವಾಗ ಇಂಟರ್ನೆಟ್ಟು ಕಡಿದರೆ ಬಚ್ಚಲಿನ ದೀಪ ಹೊತ್ತಬೇಕೇ ಬೇಡವೇ ಎಂಬುದು ಚರಿತ್ರೆಯ ಪ್ರಶ್ನೆಯಲ್ಲ, ಬಿದ್ದು ಸೊಂಟ ಮುರಿಯುವ ಪ್ರಶ್ನೆ.

ತಮ್ಮ ಇದನ್ನೆಲ್ಲ ಕೇಳಿ, “ಅಣ್ಣ, ನೀನು ಮನೆ ಕಟ್ಟುತ್ತಿದ್ದೀಯೋ, ಇತಿಹಾಸ ಬರೆಯುತ್ತಿದ್ದೀಯೋ?” ಎಂದ. ಆದರೂ ಒಪ್ಪಿದ. ಎಲ್ಲ ಸ್ವಿಚ್ಚುಗಳೂ ಗೋಡೆಯಲ್ಲಿ ಕೈಗೆಟಕುವಂತೆ ಇರುತ್ತವೆ. ಮೊಬೈಲು ಅದರ ಮೇಲಿನ ಸೌಕರ್ಯ. ಪ್ರತಿ ಬೋರ್ಡಿನ ಪೆಟ್ಟಿಗೆಯೂ ಆಳವಾಗಿರಬೇಕು, ನ್ಯೂಟ್ರಲ್ ಇಳಿದಿರಬೇಕು. ದಪ್ಪ ಗೋಡೆ ದಾಟಲು ವೈಫೈ ತಿಣುಕುವುದರಿಂದ ಜಗಲಿಗೂ ಮಹಡಿಗೂ ಗೋಡೆಯೊಳಗೇ ಕೇಬಲ್ಲು. ನೆಲಕ್ಕೆ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸಿಡಿಲಿಗೆ ಸರ್ಜ್ ರಕ್ಷಕ, ಸರಿಯಾದ ಅರ್ತಿಂಗ್: ಇವಕ್ಕೆ ಹಣ ಮೊದಲು, ಬಣ್ಣ ಬದಲಿಸುವ ದೀಪಕ್ಕೆ ಆಮೇಲೆ. ಅಮ್ಮನ ಮಂಚದಿಂದ ಬಚ್ಚಲಿನವರೆಗೆ ಸಾಲುದೀಪಕ್ಕೆ ಯಾವ ಸರ್ವರೂ ಬೇಕಿಲ್ಲ. ಕಾಲಿಟ್ಟ ಕೂಡಲೇ ಹೊತ್ತಿಸುವ ಸಾದಾ ಸೆನ್ಸರು, ಇನ್ವರ್ಟರಿನ ಲೈನಿನಲ್ಲಿ.

ಇನ್ನು ಬಾವಿಯ ಪಂಪು, ಗೇಟು, ಹಿತ್ತಿಲಿನ ಕಡೆಗೆ ಮೂರು ಖಾಲಿ ಪೈಪು ಹಾಕಿಸಿ, ಒಳಗೆ ನೈಲಾನ್ ದಾರ ಎಳೆದಿಟ್ಟು ಬಾಯಿ ಮುಚ್ಚಿಸಿದ್ದೇವೆ. ಗಾರೆಯವರು ಬರುವ ಮುನ್ನ ಪ್ರತಿ ಗೋಡೆಯ ಪಕ್ಕ ಅಳತೆಯ ಟೇಪು ಹಿಡಿದು ಫೋಟೋ ತೆಗೆದು, ಒಂದು ಪ್ರತಿಯನ್ನು ಅಲ್ಲಿಯ ಕಪಾಟಿನಲ್ಲಿ, ಇನ್ನೊಂದನ್ನು ಚೆಂಬೂರಿನಲ್ಲಿ ಇಡುವುದೆಂದಾಗಿದೆ. ಖಾಲಿ ಪೈಪು ಏತಕ್ಕೆಂದು ವೈರಿಂಗಿನವನು ಎರಡು ಸಲ ಕೇಳಿದ. ಏತಕ್ಕೋ ನಮಗೂ ಗೊತ್ತಿಲ್ಲ. ನಮ್ಮ ಮಕ್ಕಳು ಏನು ಎಳೆಯುತ್ತಾರೋ.