ಹಸುವಿನ ಬೆದೆ ಮತ್ತು ಕೃತಕ ಗರ್ಭಧಾರಣೆ

ಗಬ್ಬ ಕಟ್ಟದ ಹಸು ವರ್ಷವಿಡೀ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. 18ರಿಂದ 24 ದಿನಗಳ ಅಂತರ ಸಹಜ. ಅಂಡಾಶಯದಲ್ಲಿ ಬಲಿಯುವ ಕೋಶಿಕೆ ಸ್ರವಿಸುವ ಈಸ್ಟ್ರೋಜನ್ ಇದಕ್ಕೆ ಕಾರಣ. ಹಸು ಕೂಗುತ್ತದೆ, ಮೇವು ಬಿಡುತ್ತದೆ, ತಿಳಿಯಾದ ಲೋಳೆ ಸುರಿಸುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದ ಗುರುತು, ಬೇರೆ ದನ ಮೈಮೇಲೆ ಹತ್ತಿದಾಗ ಕದಲದೆ ನಿಲ್ಲುವುದು. ಕಟ್ಟಿ ಸಾಕುವ ಕೊಟ್ಟಿಗೆಯಲ್ಲಿ ಇದನ್ನು ಕಾಣುವ ಅವಕಾಶವೇ ಕಡಿಮೆ. ಎಮ್ಮೆಗಳಲ್ಲಂತೂ ಲಕ್ಷಣ ತೋರದ ಮೂಕಬೆದೆ ಸಾಮಾನ್ಯ, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಬೆದೆ 12ರಿಂದ 18 ಗಂಟೆ ಇರುತ್ತದೆ. ಅಂಡ ಬಿಡುಗಡೆಯಾಗುವುದು ಅದು ಮುಗಿದು 10–12 ಗಂಟೆಗಳ ನಂತರ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ವೀರ್ಯ ಕೊಡಿಸುವ ರೂಢಿ. ಅಂಡ ಹೊರಬಿದ್ದ ಜಾಗದಲ್ಲಿ ಹಳದಿಕಾಯ ಬೆಳೆದು ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಭ್ರೂಣವಿಲ್ಲದಿದ್ದರೆ 16–17ನೆಯ ದಿನದ ಹೊತ್ತಿಗೆ ಗರ್ಭಕೋಶದ ಪ್ರೊಸ್ಟಗ್ಲಾಂಡಿನ್ ಅದನ್ನು ಕರಗಿಸತೊಡಗುತ್ತದೆ. ಭ್ರೂಣವಿದ್ದರೆ ಅದರ ಇಂಟರ್‌ಫೆರಾನ್-ಟೌ ಈ ಕ್ರಿಯೆಯನ್ನು ತಡೆಯುತ್ತದೆ. ಬೆದೆಗೆ ತರಿಸಲು ಪಶುವೈದ್ಯರು ಕೊಡುವ ಚುಚ್ಚುಮದ್ದುಗಳಲ್ಲಿ ಈ ಪ್ರೊಸ್ಟಗ್ಲಾಂಡಿನ್ ಮುಖ್ಯವಾದುದು. ಗಬ್ಬದ ಹಸುವಿಗೆ ತಪ್ಪಿ ಕೊಟ್ಟರೆ ಅದು ಕಂದು ಹಾಕಬಹುದು. ಹಾಗಾಗಿ ಮೊದಲು ಗರ್ಭಪರೀಕ್ಷೆ ಕಡ್ಡಾಯ.

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿಯಲ್ಲಿ. ಈಗ ವೀರ್ಯದ ನಳಿಕೆಗಳನ್ನು ದ್ರವ ಸಾರಜನಕದಲ್ಲಿ −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಡುತ್ತಾರೆ. ನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಿ, ವೀರ್ಯವನ್ನು ಗರ್ಭಕೊರಳು ದಾಟಿದೊಡನೆ ಬಿಡಬೇಕು. ಗರ್ಭಾವಧಿ ಹಸುವಿನಲ್ಲಿ ಸುಮಾರು 280 ದಿನ, ಎಮ್ಮೆಯಲ್ಲಿ ಸುಮಾರು 310.