ಮೊಬೈಲ್ ಸಹಾಯಕದ ಹೊಸ ವಿನ್ಯಾಸವನ್ನು ಪರಿಶೀಲಿಸುವ ವಿಧಾನ

ಗೂಗಲ್ ಸಂಸ್ಥೆಯ ಜೆಮಿನಿ ಆ್ಯಪ್ ಜೂನ್ 2024ರಿಂದ ಭಾರತದಲ್ಲಿ ಕನ್ನಡವೂ ಸೇರಿದಂತೆ 9 ಭಾರತೀಯ ಭಾಷೆಗಳಲ್ಲಿ ಲಭ್ಯವಿದೆ. ಆಂಡ್ರಾಯ್ಡ್ ಫೋನ್‌ನಲ್ಲಿ ಇದರ ಪರದೆಯ ಹೊಸ ವಿನ್ಯಾಸ ಬಂದಿದೆಯೇ ಎಂಬುದನ್ನು ಈ ಕೆಳಕಂಡಂತೆ ಪರಿಶೀಲಿಸಬಹುದಾಗಿದೆ.

1. ಪ್ಲೇ ಸ್ಟೋರ್ ತೆರೆದು, ಖಾತೆಯ ಚಿಹ್ನೆಯನ್ನು ಒತ್ತಿ, ಆ್ಯಪ್‌ಗಳ ನಿರ್ವಹಣೆ ವಿಭಾಗಕ್ಕೆ ಹೋಗತಕ್ಕದ್ದು.
2. ಜೆಮಿನಿ ಹಾಗೂ ಗೂಗಲ್ ಆ್ಯಪ್‌ಗಳೆರಡಕ್ಕೂ ಅಪ್‌ಡೇಟ್ ಇದ್ದಲ್ಲಿ ಅಳವಡಿಸಿಕೊಳ್ಳತಕ್ಕದ್ದು.
3. ಫೋನನ್ನು ಒಮ್ಮೆ ಸ್ಥಗಿತಗೊಳಿಸಿ ಪುನಃ ಆರಂಭಿಸತಕ್ಕದ್ದು.

ಹೊಸ ವಿನ್ಯಾಸವು ಸಂಸ್ಥೆಯ ಸರ್ವರ್‌ನಿಂದ ಹಂತಹಂತವಾಗಿ ಬಿಡುಗಡೆಯಾಗುವುದರಿಂದ, ಒಂದೇ ಆವೃತ್ತಿಯ ಎರಡು ಫೋನ್‌ಗಳಲ್ಲಿ ಪರದೆ ಭಿನ್ನವಾಗಿ ಕಾಣಬಹುದು. ಇದು ದೋಷವಲ್ಲ.

ಸೂಚನೆ: ಅಪ್‌ಡೇಟ್ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳನ್ನು ಅರ್ಜಿದಾರರು ಅಳವಡಿಸಕೂಡದು. ಇಂತಹ ಕಡತಗಳು ಒಟಿಪಿ ಸಂದೇಶಗಳನ್ನು ಓದಿ, ಬ್ಯಾಂಕ್ ಖಾತೆಯ ಹಣ ಅಪಹರಣಕ್ಕೆ ಕಾರಣವಾಗಬಹುದು. ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲು ಕೋರಲಾಗಿದೆ.